ಕಾಯುವ ಕೆಲಸ

ತುರ್ಸುನಾಲಿಗೆ ಯಂತ್ರದ ಜ್ವರ ಅಂಗೈಯಲ್ಲೇ ತಿಳಿಯುತ್ತದೆ.
ನರಿನ್ ನದಿಯ ಕಮರಿಯಲ್ಲಿ, ಬೆಟ್ಟದ ಹೊಟ್ಟೆಯೊಳಗೆ,
ಎರಡನೇ ಜನರೇಟರಿನ ಹಸಿರು ಕವಚಕ್ಕೆ ಕೈಯಿಟ್ಟು
"ಇವತ್ತು ಪರವಾಗಿಲ್ಲ" ಅನ್ನುತ್ತಾನೆ.
ಅದೇ ಮಾತು ಹೇಳಲು ಮೀಟರಿಗೆ ಇನ್ನೂ ಕಾಲು ಗಂಟೆ ಬೇಕು.

ಅವನ ಮೀಸೆ ಕಪ್ಪಗಿದ್ದ ಕಾಲದಲ್ಲಿ ಒಂದು ರಾತ್ರಿ
ದೂರದ ಯಾವುದೋ ತಂತಿ ಕಡಿದು ಇಡೀ ಗ್ರಿಡ್ಡು ತೂರಾಡಿತ್ತು.
ರಿಲೇ ಕಾದಿತು. ಸ್ಟೇಟರಿನ ತಾಮ್ರವೂ ಕಾದಿತು.
ನನ್ನ ಭಾಷೆಯಲ್ಲಿ ಎರಡಕ್ಕೂ ಒಂದೇ ಮಾತು;
ಅದಕ್ಕಿರುವ ಮೂರನೆಯ ಅರ್ಥ, ಕಾಪಾಡುವುದು,
ಅದೊಂದು ಆ ರಾತ್ರಿ ನಡೆಯಲಿಲ್ಲ.
ಸುಟ್ಟ ವಾರ್ನಿಷ್ ವಾಸನೆ ಅವನ ಕುರಿತೊಗಲಿನ ಕೋಟನ್ನು
ವಸಂತ ಬಂದರೂ ಬಿಡಲಿಲ್ಲ.
ಅಂದಿನಿಂದ ಅವನ ಕಾನೂನು: ನಲವತ್ತೆಂಟೂವರೆ ಹರ್ಟ್ಸ್,
ಅರ್ಧ ಸೆಕೆಂಡು, ಕೈಬಿಡು.
ಊರು ಕತ್ತಲಾದರೆ ಮೇಣದಬತ್ತಿ ಇದೆ,
ಯಂತ್ರ ಸತ್ತರೆ ಏನಿದೆ?

ಬುರುಲ್ಚಾ ಬಂದದ್ದು ಒಂದು ಲ್ಯಾಪ್‌ಟಾಪು, ಎರಡು ಗ್ರಾಫು,
ಬಿಷ್ಕೆಕ್ಕಿನ ಕಂಟ್ರೋಲ್ ರೂಮಿನ ಮೆದೆರ್‌ಬೆಕ್‌ನ ಬೈಗುಳ
ಇಷ್ಟನ್ನು ಹೊತ್ತುಕೊಂಡು.
"ಭಾರ ಹೊರಬೇಕಾದ ಗಳಿಗೆಯಲ್ಲೇ ನಿಮ್ಮ ಯಂತ್ರ
ಬೂಟು ಹಾಕಿಕೊಂಡು ಹೊರಡುತ್ತದೆ" ಅಂದಿದ್ದನಂತೆ ಅವನು.
ಅವಳು ಚಹಾದ ಮೇಜಿನ ಮೇಲೆ ಕಾಗದ ಹರಡಿದಳು.
"ನೋಡಿ ಬಾಯ್ಕೆ, ಹರ್ಟ್ಸ್ ಇಳಿದರೆ ಊರುಗಳು
ಸರದಿಯಲ್ಲಿ ಹೊರೆ ಇಳಿಸುತ್ತವೆ.
ಮೊದಲ ಮೆಟ್ಟಿಲು ಇಲ್ಲಿ, ಎರಡನೆಯದು ಇಲ್ಲಿ.
ನೀವು ಎರಡನೆಯದು ಮುಟ್ಟುವಷ್ಟರಲ್ಲಿ ಜಿಗಿದುಬಿಡುತ್ತೀರಿ.
ನೀವು ಬಿಟ್ಟ ಭಾರಕ್ಕೆ ಕೆಳಗಿನ ಸ್ಟೇಷನ್ನು ಬೀಳುತ್ತದೆ, ಅದರ ಕೆಳಗಿನದೂ.
ಕೊನೆಗೆ ಯಂತ್ರಗಳೆಲ್ಲ ಕ್ಷೇಮ, ದೇಶವೆಲ್ಲ ಕತ್ತಲು."

ಎತ್ತು ಏರಿಗೆ, ಕೋಣ ನೀರಿಗೆ.
ಮೂರು ದಿನ ಚಹಾ ಆರಿತು.
ಕುರಿಸಂತೆಯಲ್ಲಿ ಕೈ ಹಿಡಿದು ಕುಲುಕುತ್ತ
ಚೌಕಾಸಿ ಮಾಡುವವರ ಹಾಗೆ ದಶಮಾಂಶಕ್ಕೆ ದಶಮಾಂಶ ಜಗ್ಗಿ,
ಕೊನೆಗೆ: ನಲವತ್ತೇಳು ಹರ್ಟ್ಸ್, ಒಂಬತ್ತು ಸೆಕೆಂಡು.
"ಬೇರಿಂಗು, ಕಂಪನ, ಸುರುಳಿಯ ಬಿಸಿ, ಅವು ನನ್ನವು.
ಅವನ್ನು ಮುಟ್ಟಬೇಡ" ಅಂದ. ಅವಳು ಮುಟ್ಟಲಿಲ್ಲ.
ತಾಳಿದವನು ಬಾಳಿಯಾನು ಅನ್ನುತ್ತದೆ ಗಾದೆ;
ಎಷ್ಟು ಸೆಕೆಂಡು ಅನ್ನುವುದು ಗಾದೆಗೆ ಗೊತ್ತಿಲ್ಲ.

ಜನವರಿ. ಮೈನಸ್ ಇಪ್ಪತ್ತಮೂರು.
ಹಿಮ ಜಾರಿ ಎರಡು ಗೋಪುರ ಮಲಗಿದವು.
ಸೂಜಿ ಇಳಿಯತೊಡಗಿತು: ನಲವತ್ತೊಂಬತ್ತು,
ನಲವತ್ತೆಂಟು ಮುಕ್ಕಾಲು,
ನಲವತ್ತೆಂಟೂವರೆ, ಅವನ ಹಳೆಯ ಗಡಿ,
ದಾಟಿತು.
ಯಂತ್ರದ ದನಿ ದಪ್ಪವಾಯಿತು,
ಮೂಟೆ ಹೊತ್ತು ಕಣಿವೆ ಏರುವ ಚಮರಿಯ ಉಸಿರಿನ ಹಾಗೆ.
ತುರ್ಸುನಾಲಿಯ ಕೈ ಕೆಂಪು ಗುಂಡಿಯತ್ತ ಹೋಯಿತು.
ಬುರುಲ್ಚಾ ತಡೆಯಲಿಲ್ಲ, ನೋಡಿದಳು ಅಷ್ಟೆ.
ಗುಂಡಿಗೆ ಒಂದು ಗೇಣು ಉಳಿದಿರುವಾಗ ಕೈ ನಿಂತಿತು, ನಡುಗುತ್ತ.

ಪರದೆಯ ಮೇಲೆ ಫೀಡರುಗಳು ಒಂದೊಂದಾಗಿ ಕಣ್ಣು ಮುಚ್ಚಿದವು:
ಉಣ್ಣೆ ಮಿಲ್ಲು, ಬಜಾರು,
ಹದಿನಾಲ್ಕನೇ ಫೀಡರು.
ಅಲ್ಲಿ ಅವಳ ಅಮ್ಮ, ಕರೆಂಟಿನ ಒಲೆ, ಎರಡು ವರ್ಷದ ಮಗು.

ಸೂಜಿ ನಿಂತಿತು. ಏನೋ ಯೋಚಿಸಿದಂತೆ ಮಾಡಿ
ಮೇಲೆ ಬಂತು.
ಫೋನಿನಲ್ಲಿ ಮೆದೆರ್‌ಬೆಕ್ "ಇದ್ದೀರಾ?" ಅಂದ.
"ಇದ್ದೀವಿ" ಅಂದ ತುರ್ಸುನಾಲಿ,
ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು.

ಹದಿನಾಲ್ಕನೇ ಫೀಡರಿಗೆ ಕರೆಂಟು ಬಂದದ್ದು ಐವತ್ತು ನಿಮಿಷಕ್ಕೆ.
ಬೆಳಿಗ್ಗೆ ರೊಟ್ಟಿಯಂಗಡಿಯ ಸಾಲಿನಲ್ಲಿ ಪಕ್ಕದ ಮನೆಯಾಕೆ ಕೇಳಿದಳು:
"ನಿಮ್ಮ ಸ್ಟೇಷನ್ನಿನ ದೀಪ ಮಾತ್ರ ಆರಲಿಲ್ಲ, ಅಲ್ಲವಾ?"
ಬುರುಲ್ಚಾ ಚಿಲ್ಲರೆ ಎಣಿಸಿದಳು.

ಲಾಗ್ ಪುಸ್ತಕದಲ್ಲಿ ಕಾಲಮ್ಮುಗಳಿವೆ:
ಯಾವ ರಿಲೇ, ಎಷ್ಟು ಗಂಟೆಗೆ, ಏಕೆ ಕಡಿಯಿತು.
ಕಡಿಯದೆ ಇದ್ದದ್ದನ್ನು ಎಲ್ಲಿ ಬರೆಯುವುದು?
ತುರ್ಸುನಾಲಿ ಪೆನ್ಸಿಲ್ಲಿನ ಮೊನೆ ನೆಕ್ಕಿ ಅಂಚಿನಲ್ಲಿ ಗೀಚಿದ.
ಅವನ ಕಿರ್ಗಿಜ್ ಅಕ್ಷರಗಳನ್ನು ನನ್ನ ಮಾತಿಗೆ ತಂದರೆ ಇಷ್ಟು:
ಎರಡನೇ ಯಂತ್ರ, ಕಾದಿದೆ.
ಬೇರಿಂಗು ಅರವತ್ತೊಂದು ಡಿಗ್ರಿ.